ಕಡಲ ಮಟ್ಟವೂ ಕೃಷ್ಣೆಯ ನೀರೂ
ಕೃಷ್ಣೆಯನ್ನು ನಂಬಿದ ತಿಕೋಟಾ, ಬಬಲೇಶ್ವರಗಳ ರೈತಬಾಂಧವರಿಗೆ ಆಲಮಟ್ಟಿ ತುಂಬಿದಾಗಿನ ಮಟ್ಟ, 519.60 ಮೀಟರು, ಬಾಯಿಪಾಠವಾಗಿದೆ. 2010ರಲ್ಲಿ ನ್ಯಾಯಾಧಿಕರಣವು ಅದನ್ನು 524.256ಕ್ಕೇರಿಸಲು ಸಮ್ಮತಿಸಿತು. ಈ ಅಳತೆ ಹುಟ್ಟುವುದು ಕಡಲಲ್ಲಿ. 1909ರಲ್ಲಿ ಭಾರತದ ಎತ್ತರಗಳಿಗೆ ಆಧಾರವಾದ ಒಂಬತ್ತು ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ಆದರೆ ದಡಕ್ಕೆ ಬಿಗಿದ ಮಾಪಕವು ನೆಲ ಕುಸಿದರೂ ಕಡಲೇರಿತೆಂದೇ ಸಾರುವುದು. ಉಪಗ್ರಹಗಳ ಸಂಕೇತದಿಂದ ತನ್ನೆತ್ತರವನ್ನರಿಯುವ ತೇಲುವ ಮಾಪಕಕ್ಕೆ ಆ ಹಂಗಿಲ್ಲ. 2011ರ ಸುನಾಮಿಯನ್ನು ಜಪಾನು ದಡದಾಚೆಯೇ ಇಂಥದರಿಂದ ಅಳೆಯಿತು. ಕಾರವಾರದ ಕಡಲನ್ನೂ ಕೃಷ್ಣೆಯ ಹಿನ್ನೀರನ್ನೂ ಅದು ಒಂದೇ ಗಜದಿಂದ ಅಳೆಯಬಲ್ಲದು.

2019ರ ನೆರೆಗೆ ಆಲಮಟ್ಟಿಯ ಹಿನ್ನೀರೇ ಕಾರಣವೆಂದು ಸಾಂಗಲಿಯಲ್ಲಿ ಕೂಗೆದ್ದಿತ್ತು. ಅದಕ್ಕೆ ನಾವು ಅಂಕಿಗಳಿಂದ ಉತ್ತರಿಸಬೇಕಲ್ಲದೆ ಮರುಕೂಗಿನಿಂದಲ್ಲ. ಹಿನ್ನೀರಿನುದ್ದಕ್ಕೂ ಇಂಥ ಮಾಪಕಗಳನ್ನು ತೇಲಿಬಿಟ್ಟು, ಅವುಗಳ ಅಂಕಿಗಳನ್ನು ದಿನವೂ ವಿಜಯಪುರದಲ್ಲಿಯೂ ಸಾಂಗಲಿಯಲ್ಲಿಯೂ ಏಕಕಾಲಕ್ಕೆ ಪ್ರಕಟಿಸಬೇಕೆಂದು ಸರಕಾರವನ್ನು ಒತ್ತಾಯಿಸುತ್ತೇವೆ.