ಕೀಲೆಣ್ಣೆಯ ಮಾತು

ಯಲಬುರ್ಗಾ ಸೀಮೆಯ ಹಳ್ಳಿಯೊಂದಕ್ಕೆ ನನ್ನ ಅಕ್ಕನನ್ನು ಕೊಟ್ಟು ನಲವತ್ತು ವರ್ಷಗಳಾದುವು. ಒಂದು ಬೇಸಗೆಯಲ್ಲಿ ಅವಳ ಮನೆಗೆ ಹೋದಾಗ, ಅಂಗಳದ ಬೇವಿನ ಮರದಡಿಯಲ್ಲಿ, ಹಿಂದೆ ಎತ್ತು ಕಟ್ಟುತ್ತಿದ್ದ ಜಾಗದಲ್ಲಿಯೇ, ಹೊಸದೊಂದು ಟ್ರಾಕ್ಟರು ನಿಂತಿತ್ತು. ಮೂತಿಗೆ ಬಾಡಿದ ಚೆಂಡುಹೂವಿನ ಮಾಲೆ. ಗಾಲಿಯ ಕೆಳಗೆ ಚಪ್ಪಟೆಯಾದ ನಿಂಬೆಹಣ್ಣು. ಬ್ಯಾಂಕಿನ ಸಾಲ, ಅಕ್ಕನ ಎರಡು ಬಳೆ, ಹಿಂದಿನ ಸುಗ್ಗಿಯ ಕಡಲೆಯ ಹಣ, ಈ ಮೂರೂ ಕೂಡಿ ಮನೆಗೆ ಬಂದ ಐಶ್ವರ್ಯವದು.

ಅಕ್ಕನ ಮಾವನವರಿಗೆ ಎಂಬತ್ತು ದಾಟಿದೆ. ಅವರು ಟ್ರಾಕ್ಟರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಮೊಮ್ಮಗನನ್ನು ಕೇಳಿದರು:

“ಇದಕ್ಕ ಕೀಲೆಣ್ಣಿ ಯಾರು ಹಾಕ್ತಾರಪಾ?”

“ಅದಕ್ಕ ಗಂಗಾವತಿಯೊಳಗ ಮೆಕ್ಯಾನಿಕ್ ಅದಾನ, ಬಿಡಜ್ಜಾ.”

“ಹಂಗಾರ ಎತ್ತಿಗೆ ನೀರು ಕುಡಸಾಕೂ ಗಂಗಾವತಿಯಿಂದ ಕರಸ್ತಿದ್ದಿಯೇನು?”

ನನ್ನ ಸೋದರಳಿಯ ನಕ್ಕುಬಿಟ್ಟ. ಆದರೆ ಆ ಪ್ರಶ್ನೆ ನಗುವಂಥದಾಗಿರಲಿಲ್ಲ. ಪಟ್ಟಣದ ನಾವು ಸ್ಕೂಟರಿನ ಗಾಲಿಗೆ ಗಾಳಿ ತುಂಬಿಸಲೂ ಇನ್ನೊಬ್ಬರ ಕೈ ನೋಡುವವರು. ನಮ್ಮ ಗಾಡಿ ಕೆಟ್ಟರೆ ಬಸ್ಸು ಹತ್ತುತ್ತೇವೆ. ಬಿತ್ತುವ ಹದದಲ್ಲಿ ಟ್ರಾಕ್ಟರು ಕೆಟ್ಟರೆ ಹತ್ತಲು ಇನ್ನೊಂದಿಲ್ಲ. ಹದ ಕಾಯುವುದಿಲ್ಲ, ಸಾಲದ ಕಂತಂತೂ ಕಾಯುವುದೇ ಇಲ್ಲ.

ಆ ರಾತ್ರಿ ಊಟದ ತರುವಾಯ ನಾನೂ ಅಳಿಯನೂ ಟ್ರಾಕ್ಟರಿನೊಡನೆ ಬಂದಿದ್ದ ಕೈಪಿಡಿಯನ್ನು ಬಿಡಿಸಿ ಕುಳಿತೆವು. ಅದರಲ್ಲಿ ತಿಂಗಳು, ವಾರಗಳ ಲೆಕ್ಕಕ್ಕಿಂತ ಗಂಟೆಯ ಲೆಕ್ಕಕ್ಕೇ ಪ್ರಾಧಾನ್ಯ. ಎಂಜಿನ್ನು ದುಡಿದ ಗಂಟೆಗಳನ್ನು ತೋರಿಸುವ ಮೀಟರೊಂದು ಚಾಲಕನ ಮುಂದೆಯೇ ಇರುತ್ತದೆ. ದಿನವೂ ಮಾಡುವುದು ಕೆಲವು, ಐವತ್ತು ಗಂಟೆಗೊಮ್ಮೆ ಮಾಡುವುದು ಕೆಲವು, ಇನ್ನೂರೈವತ್ತಕ್ಕೆ ಇನ್ನು ಕೆಲವು. ಯಂತ್ರದಿಂದ ಯಂತ್ರಕ್ಕೆ ಈ ಸಂಖ್ಯೆಗಳು ಸ್ವಲ್ಪ ಬದಲಾಗುತ್ತವೆ. ಹೊಸ ಟ್ರಾಕ್ಟರಿಗೆ ಮೊದಲ ಐವತ್ತು ಗಂಟೆಗಳು ಬಾಣಂತನವಿದ್ದಂತೆ. ಒಳಗಿನ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವ ಕಾಲವದು. ಲೋಹದ ಸಣ್ಣ ಪುಡಿ ಎಣ್ಣೆಯಲ್ಲಿ ಸೇರುತ್ತದೆ. ಆದ್ದರಿಂದ ಆ ಅವಧಿ ಮುಗಿದೊಡನೆ ಎಂಜಿನ್ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸಬೇಕು, ಗಾಲಿಯ ನಟ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿಯಬೇಕು. ಈ ಮೊದಲ ಸೇವೆಯನ್ನು ಕಂಪನಿಯವರೇ ಮಾಡಿಕೊಡುತ್ತಾರೆ. ವಾರಂಟಿಯ ದೃಷ್ಟಿಯಿಂದ ಅವರ ಕೈಯಲ್ಲೇ ಮಾಡಿಸಿ, ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುವುದು ಜಾಣತನ. ಉಳಿದ ದಿನಗಳ ಶುಶ್ರೂಷೆ ಮಾತ್ರ ಮನೆಯವರದು.

ಬೆಳಗ್ಗೆ ಅರ್ಧ ಗಂಟೆ ಸಾಕು. ಸಮನೆಲದಲ್ಲಿ ನಿಲ್ಲಿಸಿದ ಟ್ರಾಕ್ಟರಿನ ಎಂಜಿನ್ನನ್ನು ಚಾಲೂ ಮಾಡುವ ಮೊದಲೇ ಎಣ್ಣೆಯ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ರೇಡಿಯೇಟರಿನ ನೀರನ್ನೂ ತಣ್ಣಗಿದ್ದಾಗಲೇ ನೋಡಬೇಕು. ಬಿಸಿಯಿದ್ದಾಗ ಮುಚ್ಚಳ ತೆರೆದವರ ಮುಖ ಬೆಂದುಹೋದದ್ದುಂಟು. ಫ್ಯಾನಿನ ಬೆಲ್ಟು, ಬ್ಯಾಟರಿಯ ನೀರು, ಡೀಸೆಲ್ ಫಿಲ್ಟರಿನ ತಳದಲ್ಲಿ ಕೂತ ನೀರು, ಟೈರಿನ ಗಾಳಿ, ಇವೆಲ್ಲ ಒಂದೊಂದು ನೋಟದ ಕೆಲಸ.

ಆದರೆ ಗಾಳಿ ಸೋಸುವ ಏರ್ ಕ್ಲೀನರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕುಷ್ಟಗಿಯ ಮಸಾರಿ ನೆಲದಲ್ಲಿ, ಯಲಬುರ್ಗಾದ ಎರೆಯಲ್ಲಿ, ಬೇಸಗೆಯ ಉಳುಮೆಯೆಂದರೆ ಧೂಳಿನ ಮೋಡದೊಳಗೆ ಪ್ರಯಾಣ. ಸಿಲಿಂಡರುಗಳ ಒಟ್ಟು ಅಳತೆ 2.7 ಲೀಟರ್ ಇರುವ ಎಂಜಿನ್ನೊಂದು ನಿಮಿಷಕ್ಕೆ 2000 ಸುತ್ತು ತಿರುಗುತ್ತದೆಯೆನ್ನಿ. ಎರಡು ಸುತ್ತಿಗೊಮ್ಮೆ ಅದು ಉಸಿರೆಳೆದುಕೊಂಡರೂ ನಿಮಿಷಕ್ಕೆ ಸುಮಾರು 2700 ಲೀಟರ್ ಗಾಳಿಯಾಯಿತು. ಎಂಟು ಗಂಟೆಯ ಉಳುಮೆಗೆ ಹೆಚ್ಚುಕಡಿಮೆ 13 ಲಕ್ಷ ಲೀಟರ್! ಇಷ್ಟು ಗಾಳಿಯ ಧೂಳೆಲ್ಲ ಒಂದು ಡಬ್ಬಿಯಲ್ಲಿ ಉಳಿಯಬೇಕು. ಉಳಿಯದೆ ಒಳಹೊಕ್ಕರೆ ಅದು ಪಿಸ್ಟನ್ನಿನ ಬಳೆಗಳನ್ನೂ ಸಿಲಿಂಡರಿನ ಗೋಡೆಯನ್ನೂ ಸಾಣೆ ಹಿಡಿದಂತೆ ಸವೆಸುತ್ತದೆ.

ಕ್ಲೀನರಿನಲ್ಲಿ ಎರಡು ಬಗೆ. ಎಣ್ಣೆಯ ಬಟ್ಟಲಿನದಾದರೆ ಬಟ್ಟಲನ್ನು ಕಳಚಿ, ತಳದಲ್ಲಿ ರಾಡಿ ಕೂತಿದ್ದರೆ ಚೆಲ್ಲಿ, ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ, ಗುರುತಿನವರೆಗೆ ಹೊಸ ಎಣ್ಣೆ ತುಂಬಬೇಕು. ಹೆಚ್ಚು ತುಂಬಿದರೂ ಕೇಡು; ಎಂಜಿನ್ನು ಅದನ್ನು ಹೀರಿಕೊಳ್ಳುತ್ತದೆ. ಕಾಗದದ ಫಿಲ್ಟರಾದರೆ ನೀರಿನಲ್ಲಾಗಲಿ ಡೀಸೆಲ್ಲಿನಲ್ಲಾಗಲಿ ತೊಳೆಯಕೂಡದು. ಮೆಲ್ಲಗೆ ತಟ್ಟಿ, ಒಳಗಿನಿಂದ ಹೊರಕ್ಕೆ ಹಗುರಾಗಿ ಗಾಳಿ ಊದಬೇಕು. ಇವೆಲ್ಲಕ್ಕಿಂತ ಜನ ಮರೆಯುವುದು ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆಯನ್ನು. ಆ ಹಳ್ಳಿಯಲ್ಲೇ ಒಬ್ಬರ ಟ್ರಾಕ್ಟರು ಎರಡನೆಯ ವರ್ಷಕ್ಕೇ ನೀಲಿ ಹೊಗೆ ಕಾರಿ ಎಂಜಿನ್ ಬಿಚ್ಚಿಸಿಕೊಂಡಿತಂತೆ. ಫಿಲ್ಟರು ಸ್ವಚ್ಛವಾಗಿಯೇ ಇತ್ತು. ಕೊಳವೆ ಬೆರಳಗಲ ಬಿರಿದಿತ್ತು. ರಿಪೇರಿಗೆ ಆ ವರ್ಷದ ಕಡಲೆಯೆಲ್ಲ ಹೋಯಿತು.

ಗಂಗಾವತಿಯ ಕಡೆಗೆ ಇಳಿದರೆ ಶತ್ರು ಬೇರೆ. 1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಹರಿದ ಮೇಲೆ ಅದು ಭತ್ತದ ಸೀಮೆಯಾಯಿತು. ಕಾಲುವೆಗೆ ನೀರು ಬಿಟ್ಟೊಡನೆ ಎಲ್ಲರ ಗದ್ದೆಯೂ ಏಕಕಾಲಕ್ಕೆ ಕೆಸರಾಗಬೇಕು. ಸುತ್ತಲಿನ ತಾಲ್ಲೂಕುಗಳ ಟ್ರಾಕ್ಟರುಗಳೂ ಕಬ್ಬಿಣದ ಕೇಜ್ ವೀಲ್ ಕಟ್ಟಿಕೊಂಡು ಬಾಡಿಗೆಗೆ ಅಲ್ಲಿಗೇ ಧಾವಿಸುತ್ತವೆ. (ಒಂದು ಕೊಂಡಿಯ ಬೆಲೆ ಏನೆಂಬುದನ್ನು ಆ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಮೂವತ್ಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಹರಿದು ಕೊಚ್ಚಿಹೋದಾಗ, ತಾತ್ಕಾಲಿಕ ಗೇಟು ಇಳಿಸುವವರೆಗೆ ಅವರು ಉಸಿರು ಬಿಗಿಹಿಡಿದು ಕೂತಿದ್ದರು.) ಕೆಸರಿನಲ್ಲಿ ದುಡಿಯುವ ಟ್ರಾಕ್ಟರಿನ ಮುಂದಿನ ಅಚ್ಚಿಗೂ ಕೀಲುಗಳಿಗೂ ದಿನವೂ ಗ್ರೀಸು ಬೇಕು, ಹಳೆಯ ಗ್ರೀಸು ಕೆಸರಿನೊಡನೆ ಹೊರಬರುವವರೆಗೆ ಗನ್ನು ಒತ್ತಬೇಕು. ಕ್ಲಚ್ಚಿನ ಗೂಡಿನ ತಳದಲ್ಲಿರುವ ರಂಧ್ರಕ್ಕೆ ಗದ್ದೆಗಿಳಿಯುವ ಮುನ್ನ ಬಿರಡೆ ಹಾಕಿ, ಹೊರಬಂದ ಮೇಲೆ ತೆಗೆಯಬೇಕು.

ಆ ಮಳೆಗಾಲದಲ್ಲಿ ಅಳಿಯನೂ ಗಂಗಾವತಿಯ ಕಡೆಗೆ ಹೋದ. ಐದನೆಯ ದಿನದ ಬೆಳಗ್ಗೆ ನನಗೆ ಅವನ ಫೋನು ಬಂತು.

“ಮಾಮಾ, ಗೇರು ಪೆಟ್ಟಿಗಿ ಎಣ್ಣಿ ಹಾಲು ಹಾಕಿದ ಚಾ ಆಗೇತಿ!”

ಎಣ್ಣೆಗೆ ನೀರು ಸೇರಿದರೆ ಬರುವ ಬಣ್ಣವದು. ಹಿಂದಿನ ಸಂಜೆ ಅವನು ಎಣ್ಣೆ ತುಂಬುವ ಮುಚ್ಚಳವನ್ನು ಅರೆಬರೆ ತಿರುಗಿಸಿ, ಮೇಲೆ ಪಂಪಿನ ನೀರು ಬಿಟ್ಟು ಟ್ರಾಕ್ಟರಿಗೆ ಅಭ್ಯಂಜನ ಮಾಡಿಸಿದ್ದ. ಕಡ್ಡಿ ಎಳೆದು ನೋಡದೆ ಗದ್ದೆಗಿಳಿದಿದ್ದರೆ ಬೇರಿಂಗುಗಳೂ ಹೈಡ್ರಾಲಿಕ್ಕೂ ಆ ನೀರಿನಲ್ಲೇ ಅರೆದುಹೋಗುತ್ತಿದ್ದುವು. ವರ್ಕ್‌ಶಾಪಿನವರನ್ನು ವಿಚಾರಿಸಿ, ಅವರು ಹೇಳಿದಂತೆ ಹಳೆಯ ಎಣ್ಣೆಯನ್ನೆಲ್ಲ ಡಬ್ಬಗಳಿಗೆ ಇಳಿಸಿ, ಒಳಗನ್ನು ತೊಳೆಸಿ, ಹೊಸದನ್ನು ತುಂಬಿಸಿದ. ಎರಡು ದಿನದ ಬಾಡಿಗೆ ಎಣ್ಣೆಗೇ ಹೋಯಿತು, ಟ್ರಾಕ್ಟರು ಉಳಿಯಿತು.

ಎಲ್ಲವನ್ನೂ ಸ್ವತಃ ಮಾಡಲು ಹೊರಡುವುದೂ ತಪ್ಪು. ಡೀಸೆಲ್ ಪಂಪು, ನಾಜಲ್ಲು, ಹೈಡ್ರಾಲಿಕ್ಕಿನ ಒಳಭಾಗಗಳಿಗೆ ಮನೆಯ ಸ್ಪ್ಯಾನರು ತಾಗಿಸಬಾರದು. ಐವತ್ತು ಅಶ್ವಶಕ್ತಿಗಿಂತ ಹೆಚ್ಚಿನ ಹೊಸ ಟ್ರಾಕ್ಟರುಗಳಿಗೆ 2023ರಿಂದ ಹೊಗೆಯ ನಿಯಮ ಬಿಗಿಯಾದ ಮೇಲಂತೂ ಅವುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಬಂದಿದೆ. ಕಲಿಯಬೇಕೆಂಬವರಿಗೆ ದೂರವೇನಿಲ್ಲ: ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿಯಂತ್ರ ತರಬೇತಿ ಸಂಸ್ಥೆಯಿದೆ. ಇನ್ನೊಂದು ಮಾತು. ಗ್ರೀಸು ಹಾಕುವಾಗ ಎಂಜಿನ್ನು ನಿಂತಿರಬೇಕು, ಬೀಗದ ಕೈ ಜೇಬಿನಲ್ಲಿರಬೇಕು. ಹಿಂಬದಿಯ ತಿರುಗುವ ದಂಡಕ್ಕೆ ಸಿಕ್ಕ ಧೋತರದ ಚುಂಗು ಮನುಷ್ಯನನ್ನು ಬಿಡುವುದಿಲ್ಲ.

ಈಚೆಗೆ ಹೋದಾಗ ಬೇವಿನ ಮರಕ್ಕೆ ಹೊಡೆದ ಮೊಳೆಯಲ್ಲಿ ಒಂದು ನೋಟುಬುಕ್ಕು ತೂಗುತ್ತಿತ್ತು: ಎಡಗಡೆ ಮೀಟರಿನ ಗಂಟೆ, ಬಲಗಡೆ ಮಾಡಿದ ಕೆಲಸ. ಅಜ್ಜನಿಗೆ ಓದು ಬಾರದು, ಆದರೂ ದಿನ ಬೆಳಗಾದರೆ “ಎಷ್ಟಾತು?” ಎಂದು ಕೇಳಿ, ಸಂಖ್ಯೆಯನ್ನು ಹೇಳಿಸಿಕೊಂಡ ಹೊರತು ಚಹಾ ಮುಟ್ಟುವುದಿಲ್ಲ. ಅಕ್ಕನದು ಬೇರೆಯೇ ಫಿರ್ಯಾದಿ. ಎಣ್ಣೆ ಒರೆಸಲು ಮೆತ್ತಗಿನ ಹತ್ತಿಬಟ್ಟೆಯೇ ಬೇಕೆಂದು ಮಗ ಅವಳ ಹಳೆಯ ಸೀರೆಗಳನ್ನೆಲ್ಲ ಹರಿದು ಮುಗಿಸಿದ್ದಾನೆ. ಈಗ ಅವನ ಕಣ್ಣು ಟ್ರಂಕಿನೊಳಗಿನ ಇಳಕಲ್ಲಿನ ಮೇಲೆ ಬಿದ್ದಿದೆಯೆಂದು ಅವಳು ಅದಕ್ಕೆ ಬೀಗ ಜಡಿದಿದ್ದಾಳೆ.