ಮೋರ್ಸ್ ಟೆಸ್ಟಿನಲ್ಲಿ ಹತ್ತಕ್ಕೆ ಹತ್ತು, ಘಾಟಿಯಲ್ಲಿ ಸೊನ್ನೆ

ನಾವು ನಾಲ್ಕು ಜನ ದುಡ್ಡು ಹಾಕಿ 2014ರ ಮಾಡೆಲ್ಲಿನ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡು ಏಳು ತಿಂಗಳಾಯ್ತು. ನಾಲ್ವರೂ ಮೆಕ್ಯಾನಿಕಲ್. ಹಾಗಾಗಿ ಅದು ಮಿಸ್‌ಫೈರ್ ಆಗಲು ಶುರುವಾದಾಗ ನಮಗೆ ಬೇಜಾರಿಗಿಂತ ಖುಷಿಯೇ ಜಾಸ್ತಿ. ‘ನಾವೇ ಸರಿ ಮಾಡೋಣ’ ಅಂದ್ವಿ.

ಮಾಡಿದ್ದೇನು? ಪ್ಲಗ್ ಬದಲಾಯಿಸಿದ್ವಿ. ಏರ್ ಫಿಲ್ಟರ್, ಬ್ಯಾಟರಿ, ಕೊನೆಗೆ ಫ್ಯೂಯೆಲ್ ಪಂಪೂ ಆಯ್ತು. ಮೆಸ್ಸಿಗೆಂದು ಮನೆಯಿಂದ ಬಂದ ದುಡ್ಡೂ ಸೇರಿ 11 ಸಾವಿರ ಕರಗಿತು. ಎಂಜಿನ್ ಮಾತ್ರ ಕೆಮ್ಮುತ್ತಲೇ ಇತ್ತು, ಆಗಾಗ ನಿಂತೂ ಹೋಗ್ತಿತ್ತು.

ಒಂದು ಭಾನುವಾರ ಶಿರಾಡಿ ಘಾಟಿ ಹತ್ತುವಾಗ ತಿರುವಿನಲ್ಲೇ ಎಂಜಿನ್ ಆಫ್. ಎಂಜಿನ್ ನಿಂತರೆ ಬ್ರೇಕ್ ಬೂಸ್ಟರಿಗೆ ವ್ಯಾಕ್ಯೂಮ್ ಸಿಗೋದಿಲ್ಲ ಅಂತ ಓದಿದ್ದೆವು. ಎರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಯ್ತು. ಕಾರು ಹಿಂದಕ್ಕೆ ಜಾರುತ್ತಿತ್ತು, ಹಿಂದೆ ಲಾರಿ. ಹ್ಯಾಂಡ್ ಬ್ರೇಕ್ ಹಿಡಿದದ್ದು ನಮ್ಮ ಪುಣ್ಯ. ಇಪ್ಪತ್ತು ನಿಮಿಷ ಬಿಟ್ಟು, ಏನೂ ಆಗದ ಹಾಗೆ ಸ್ಟಾರ್ಟ್ ಆಯ್ತು.

ಮರುದಿನ ಗ್ಯಾರೇಜಿನ ಅಣ್ಣನ ಹತ್ರ ಹೋದ್ವಿ. ಐಡಲ್‌ನಲ್ಲಿ ಬಿಟ್ಟು ಒಂದೊಂದೇ ಇಗ್ನಿಷನ್ ಕಾಯಿಲಿನ ಕನೆಕ್ಟರ್ ತೆಗೆದು ಹಾಕಿದರು. ಒಂದು, ಮೂರು, ನಾಲ್ಕನೆಯದು ತೆಗೆದಾಗ ಎಂಜಿನ್ ನಡುಗಿತು. ಎರಡನೆಯದು ತೆಗೆದಾಗ ಏನೂ ವ್ಯತ್ಯಾಸವಿಲ್ಲ. ಅದರ ಕಾಯಿಲನ್ನು ಮೂರನೆಯದಕ್ಕೆ ಅದಲು ಬದಲು ಮಾಡಿದರು. ಈಗ ಮೂರನೆಯದು ಸತ್ತಿತ್ತು. “ಕಾಯಿಲ್ ಹೋಗಿದೆ ಕಣ್ರಪ್ಪಾ, ಪಂಪ್ ಯಾಕೆ ಬದಲಾಯಿಸಿದ್ರಿ?” ನಮ್ಮ ಹತ್ರ ಉತ್ತರ ಇರಲಿಲ್ಲ.

ನಾಚಿಕೆ ಆಗಿದ್ದು ಬೇರೆ ಕಾರಣಕ್ಕೆ. ಇದೇ ಕೆಲಸವನ್ನು ನಾವು ಲ್ಯಾಬಿನಲ್ಲಿ ಮಾಡಿದ್ದೆವು! ಮೋರ್ಸ್ ಟೆಸ್ಟ್ ಅಂದರೆ ಇದೇ ತಾನೆ? ಒಂದೊಂದೇ ಸಿಲಿಂಡರ್ ಕಟ್ ಮಾಡಿ, ಪವರ್ ಎಷ್ಟು ಇಳೀತು ಅಂತ ನೋಡಿ, ಆ ಸಿಲಿಂಡರಿನ ಪಾಲು ಕಂಡುಹಿಡಿಯೋದು. ಕಟ್ ಮಾಡಿದರೂ ಏನೂ ಇಳಿಯದಿದ್ದರೆ ಅದು ಮೊದಲೇ ಕೆಲಸ ಮಾಡ್ತಿರಲಿಲ್ಲ ಅಂತಲೇ ಅರ್ಥ. ರೆಕಾರ್ಡ್ ಬುಕ್ಕಿನಲ್ಲಿ ಹತ್ತಕ್ಕೆ ಹತ್ತು ಬಂದಿತ್ತು. ಬಾನೆಟ್ ಎತ್ತಿದಾಗ ಒಬ್ಬರಿಗೂ ನೆನಪಾಗಲಿಲ್ಲ.

ಕಾಯಿಲ್ ಹಾಕಿದ ಮೇಲೂ ಕಾರು ನಿಲ್ಲೋದು ನಿಲ್ಲಲಿಲ್ಲ. ಈ ಸಲ ಪರ್ಸ್ ತೆಗೆಯಲಿಲ್ಲ, ನೋಟ್‌ಬುಕ್ ತೆಗೆದ್ವಿ. ಯಾವಾಗ ನಿಂತಿತು, ಎಷ್ಟು ಬಿಸಿಯಿತ್ತು, ಮತ್ತೆ ಯಾವಾಗ ಸ್ಟಾರ್ಟ್ ಆಯ್ತು ಅಂತ ಬರೆದ್ವಿ. ಬಿಸಿಯಾದಾಗ ಮಾತ್ರ ನಿಲ್ಲುತ್ತೆ, ತಣ್ಣಗಾದರೆ ಸರಿ. ನಿಂತಾಗ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆದರೆ ಆರ್‌ಪಿಎಂ ಸೊನ್ನೆ. ಕ್ರ್ಯಾಂಕ್ ಸೆನ್ಸರ್! ಒಂದೇ ರೋಗ ಅಂದುಕೊಂಡಿದ್ದು ಎರಡಾಗಿತ್ತು.

‘ಥಿಯರಿ ಎಲ್ಲಾ ವೇಸ್ಟ್’ ಅಂತ ಕ್ಯಾಂಟೀನಿನಲ್ಲಿ ನಾವೂ ಹೇಳಿದವರೇ. ಈಗ ಹೇಳಲ್ಲ. ಥಿಯರಿ ಸರಿಯಾಗಿಯೇ ಇತ್ತು. ಆದರೆ ನಮ್ಮ ಲ್ಯಾಬಿನಲ್ಲಿ ಎಂಜಿನ್ ಯಾವಾಗಲೂ ಸರಿಯಾಗಿರುತ್ತೆ, ಉತ್ತರ ಹೋದ ವರ್ಷದ ರೆಕಾರ್ಡಿನಲ್ಲಿರುತ್ತೆ. ಹುಡುಕುವ ಪ್ರಸಂಗವೇ ಬರಲ್ಲ.

ಹಾಗಾಗಿ ನಮ್ಮ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಸೆಮಿಸ್ಟರಿಗೆ ಒಂದು ದಿನವಾದರೂ ಎಂಜಿನ್ನನ್ನು ಬೇಕಂತಲೇ ಕೆಡಿಸಿಡಿ. ಯಾವುದೋ ಕನೆಕ್ಟರ್ ಸಡಿಲ ಮಾಡಿ, ಏನಾಗಿದೆ ಹೇಳಿ ಅಂತ ಕೇಳಿ. ಕಂಡುಹಿಡಿದ ದಾರಿಗೆ ಮಾರ್ಕ್ಸ್ ಕೊಡಿ.

ಹಳೇ ಗಾಡಿ ತಗೊಂಡ ಗೆಳೆಯರಿಗೂ ಒಂದು ಮಾತು. ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡುತ್ತೆ. ಯಾವ ಪಾರ್ಟ್ ಕೆಟ್ಟಿದೆ ಅಂತ ತೋರಿಸೋಕೆ ಆಗದೇ ಇದ್ರೆ ಹೊಸದು ಕೊಳ್ಳಬೇಡಿ. ನಮ್ಮ ಹಳೇ ಫ್ಯೂಯೆಲ್ ಪಂಪ್ ಈಗಲೂ ರೂಮಿನಲ್ಲಿದೆ, ಚೆನ್ನಾಗಿಯೇ ಇದೆ. ಯಾರಿಗಾದರೂ ಬೇಕಿದ್ದರೆ ಹೇಳಿ.