ಗಿಳಿಪಾಠಕ್ಕೆ ಷೇಕ್ಸ್‌ಪಿಯರ್ ದಕ್ಕುವುದಿಲ್ಲ!

ನಮ್ಮಂಥ ಪ್ರೆಸ್ಸುಗಳಲ್ಲಿ ಅಚ್ಚಾಗುವ ಸರಕಿನಲ್ಲಿ ಇಂಗ್ಲಿಷ್ ಗೈಡುಗಳೂ ಸೇರಿವೆ. ಎಡಗಡೆ ನಾಲಗೆ ಹೊರಳದ ಒಂದು ಪದ, ಬಲಗಡೆ ಅದಕ್ಕಿಂತ ಕಠಿಣವಾದ ಇನ್ನೊಂದು ಇಂಗ್ಲಿಷ್ ಪದ. ಅರ್ಥವೆಲ್ಲಿ? ಅದನ್ನು ಯಾರೂ ಕೇಳುವುದಿಲ್ಲ. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಇದನ್ನು ಕೊಂಡು, ರಾತ್ರಿಯೆಲ್ಲ ಉರು ಹೊಡೆದು, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಇದನ್ನು ಅಚ್ಚು ಹಾಕಿ ಕಾಸು ಎಣಿಸಿದವರಲ್ಲಿ ನಾನೂ ಒಬ್ಬ. ಆದ್ದರಿಂದಲೇ ಹೇಳುತ್ತೇನೆ: ಇದು ಶುದ್ಧ ಮೋಸ!

ಇಂಗ್ಲಿಷ್ ಸಾಹಿತ್ಯ ಓದಬೇಡಿ ಎನ್ನುವ ಮೂರ್ಖ ನಾನಲ್ಲ. ಓದಿ, ಚೆನ್ನಾಗಿ ಓದಿ. ಆದರೆ ಕನ್ನಡವನ್ನು ಚಪ್ಪಲಿಯಂತೆ ಬಾಗಿಲ ಹೊರಗೆ ಬಿಟ್ಟು ಬಂದವರಿಗೆ ಮಾತ್ರ ಇಂಗ್ಲಿಷ್ ಒಲಿಯುತ್ತದೆ ಎಂದು ಹೇಳಿಕೊಟ್ಟವರು ಯಾರು?

ಇಂಗ್ಲಿಷಿನ ಕಥೆಯನ್ನೇ ಕೇಳಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆಯಲ್ಲಿ ಫ್ರೆಂಚ್, ಹೊಲಗದ್ದೆಯಲ್ಲಿ ಇಂಗ್ಲಿಷ್. ಹಟ್ಟಿಯಲ್ಲಿ ಸಾಕುವವನಿಗೆ ಅದು ಶೀಪ್. ದೊರೆಯ ತಟ್ಟೆಗೆ ಬಂದರೆ ಮಟನ್! ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂಬ ಕಾನೂನು ಬಂದದ್ದು 1362ರಲ್ಲಿ. ಇಂದು ನಮ್ಮನ್ನು ಹೆದರಿಸುವ ಭಾಷೆಯೂ ತನ್ನ ನೆಲದಲ್ಲೇ ಮೂಲೆಗೆ ಬಿದ್ದಿತ್ತು, ಗೆಳೆಯರೇ!

ಆ ಭಾಷೆಯ ದೊಡ್ಡ ದೊಡ್ಡ ಪದಗಳಲ್ಲಿ ಬಹುಪಾಲು ಲ್ಯಾಟಿನ್, ಗ್ರೀಕ್, ಫ್ರೆಂಚಿನಿಂದ ಬಂದವು. ನಮ್ಮಲ್ಲಿ ಬೆಂಕಿಯ ಪಕ್ಕ ಅಗ್ನಿ ಬಂದು ಕೂತ ಹಾಗೆ. ಬೇರು ಹಿಡಿದರೆ ಇಡೀ ಗಿಡ ಕೈಗೆ ಬರುತ್ತದೆ. ಲ್ಯಾಟಿನ್ನಿನಲ್ಲಿ 'ಬೆನೆ' ಎಂದರೆ ಒಳ್ಳೆಯ ರೀತಿ, 'ಮಾಲೆ' ಎಂದರೆ ಕೆಟ್ಟ ರೀತಿ. 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದಲ್ಲಿ ಜಗಳ ಬಿಡಿಸಲು ಬರುವವನು ಬೆನ್ವೋಲಿಯೊ. 'ಟ್ವೆಲ್ಫ್ತ್ ನೈಟ್'ನಲ್ಲಿ ಮಂದಿಯ ಸಂತೋಷ ಕಂಡು ಮುಖ ಸಿಂಡರಿಸುವವನು ಮಾಲ್ವೋಲಿಯೊ. ಸುಯೋಧನ, ದುರ್ಯೋಧನ ಎರಡನ್ನೂ ಕೇಳಿ ಬೆಳೆದ ಕನ್ನಡದ ಹುಡುಗನಿಗೆ ಇದು ಎಷ್ಟು ಹೊತ್ತಿನ ಕೆಲಸ? ಹೇಳಿಕೊಡುವವರು ಬೇಕು, ಅಷ್ಟೇ.

ಇನ್ನು, ಪದದ ಅರ್ಥ ಕಾಲಕ್ಕೆ ತಕ್ಕಂತೆ ತಿರುಗುತ್ತದೆ. ಇಂದು ಎಲ್ಲರ ಬಾಯಲ್ಲಿರುವ 'ನೈಸ್' ಎಂಬ ಪದಕ್ಕೆ ಚಾಸರನ ಕಾಲದಲ್ಲಿ ದಡ್ಡ ಎಂಬ ಅರ್ಥವಿತ್ತು! ಪಟ್ಟಿ ಉರು ಹೊಡೆದವನು ಇಲ್ಲಿ ಮುಗ್ಗರಿಸುತ್ತಾನೆ. ವಾಕ್ಯವನ್ನು ಕನ್ನಡದಲ್ಲಿ ಬಿಡಿಸಿ ನೋಡಿದವನು ದಾಟುತ್ತಾನೆ.

ಇಂಗ್ಲಿಷ್ ಅರೆದು ಕುಡಿದ ನಮ್ಮವರು ಮಾಡಿದ್ದೇನು? ಇಂಗ್ಲಿಷ್ ಪ್ರೊಫೆಸರ್ ಬಿ.ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಕೊಟ್ಟರು. ಕುವೆಂಪು 'ಹ್ಯಾಮ್ಲೆಟ್'ನಿಂದ 'ರಕ್ತಾಕ್ಷಿ' ಕಟ್ಟಿದರು. ಇಂಗ್ಲಿಷ್ ಮೇಷ್ಟ್ರಾಗಿದ್ದ ಲಂಕೇಶ್ ಬೋದಿಲೇರನನ್ನು ಕನ್ನಡಕ್ಕೆ ತಂದರು. ಒಂದೊಂದು ಪದವನ್ನೂ ಕನ್ನಡದ ತಕ್ಕಡಿಯಲ್ಲಿ ತೂಗಿದವರು ಇವರು. ಅನುವಾದಕ್ಕಿಂತ ದೊಡ್ಡ ಪದಪಾಠ ಉಂಟೇ?

ಆದ್ದರಿಂದ ಕಾಲೇಜುಗಳನ್ನು ಕೇಳೋಣ: ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ ಕನ್ನಡದಲ್ಲಿ ಅರ್ಥ ಹೇಳಿ. ಕನ್ನಡದಲ್ಲಿ ಪ್ರಶ್ನೆ ಕೇಳಿದ ಹುಡುಗಿಯನ್ನು ನೋಡಿ ನಗುವುದನ್ನು ನಿಲ್ಲಿಸಿ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟನ್ನು ಬೀರುವಿನಿಂದ ಹೊರತೆಗೆದು ಮೇಜಿನ ಮೇಲಿಡಿ.

ತಮ್ಮಂದಿರೇ, ತಂಗಿಯರೇ, ಗೈಡಿನ ಕಾಸು ಉಳಿಸಿ. ಒಂದು ಪುಟ ಓದಿ, ಪದದ ಬೇರು ಹುಡುಕಿ, ಅದನ್ನು ನಿಮ್ಮ ಕನ್ನಡದಲ್ಲಿ ಬರೆದು ನೋಡಿ. ನನ್ನ ಪ್ರೆಸ್ಸಿಗೆ ನಷ್ಟವಾದರೆ ಆಗಲಿ, ನಿಮ್ಮ ತಲೆ ತಗ್ಗದಿರಲಿ!